ಹೋಗಿ ನೋಡಿದರೆ ಮಾತ್ರ ತಿಳಿಯುವುದು: ವಾಸ್ತುಶಿಲ್ಪ ಇತಿಹಾಸದ ಸ್ಮಾರಕ ಪ್ರವಾಸ ಫೆಲೋಶಿಪ್‌ಗೆ ಅರ್ಜಿ ಸಲ್ಲಿಸುವ ಬಗೆ

ಒಬ್ಬರ ನೆನಪಿನಲ್ಲಿ ದತ್ತಿ ಇಡುವ ಪದ್ಧತಿ ನಮಗೆಲ್ಲ ಪರಿಚಿತ. ಅಗಲಿದ ಮೇಷ್ಟರ ಹೆಸರಿನಲ್ಲಿ ಶಿಷ್ಯರು ನಡೆಸುವ ದತ್ತಿ ಉಪನ್ಯಾಸ, ತಂದೆ ತಾಯಿಯ ಹೆಸರಿನಲ್ಲಿ ಮಕ್ಕಳು ವಿಶ್ವವಿದ್ಯಾಲಯದಲ್ಲಿ ಇಟ್ಟ ಚಿನ್ನದ ಪದಕ, ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿಗಳು, ಇವೆಲ್ಲ ಅದೇ ಭಾವನೆಯ ಬೇರೆ ಬೇರೆ ರೂಪಗಳು. ವಾಸ್ತುಶಿಲ್ಪದ ಇತಿಹಾಸವನ್ನು ಓದುವವರ ನಡುವೆ ಈ ಭಾವನೆ ಪ್ರವಾಸದ ರೂಪ ತಾಳಿದೆ. ತೀರಿಕೊಂಡವರು ತಮ್ಮ ಬದುಕಿನಲ್ಲಿ ಕಟ್ಟಡಗಳನ್ನು ನೋಡಿ ಪಡೆದ ಸಂತೋಷ ಮುಂದಿನವರಿಗೂ ಸಿಗಲಿ ಎಂದು, ಅವರ ಹೆಸರಿನ ನಿಧಿಯಿಂದ ವಿದ್ಯಾರ್ಥಿಗಳನ್ನು ದೂರದ ಊರುಗಳಿಗೆ ಕಳುಹಿಸುತ್ತಾರೆ.

ಇದು ಇತ್ತೀಚಿನ ರೂಢಿಯೇನೂ ಅಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಬೆಂಜಮಿನ್ ಸ್ಮಿತ್ ರಾಚ್ ಅವರ ನೆನಪಿಗಾಗಿ ಅವರ ಕುಟುಂಬದವರು 1883ರಲ್ಲಿ ಒಂದು ಪ್ರವಾಸ ವಿದ್ಯಾರ್ಥಿವೇತನವನ್ನು ಸ್ಥಾಪಿಸಿದರು. ಅದು ಇತಿಹಾಸಕಾರರಿಗಿಂತ ಹೆಚ್ಚಾಗಿ ವಾಸ್ತುಶಿಲ್ಪಿಗಳಿಗೆ ಮೀಸಲಾದದ್ದು. ಆದರೂ ಇಂಥ ನೆರವು ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. 1889ರಲ್ಲಿ ಅದನ್ನು ಪಡೆದ ಹೆನ್ರಿ ಬೇಕನ್ ಎಂಬ ಯುವಕ ಯುರೋಪಿನಲ್ಲಿ ಸುತ್ತಾಡಿ, ಗ್ರೀಕ್ ಕಟ್ಟಡಗಳನ್ನು ಕಣ್ಣಾರೆ ಕಂಡು, ಅವುಗಳ ಪ್ರಮಾಣವನ್ನು ಕೈಯಾರೆ ಬರೆದುಕೊಂಡ. 1922ರಲ್ಲಿ ವಾಷಿಂಗ್ಟನ್ನಿನಲ್ಲಿ ಲೋಕಾರ್ಪಣೆಗೊಂಡ ಲಿಂಕನ್ ಸ್ಮಾರಕದ ವಿನ್ಯಾಸ ಅವನದು. ಲಿಂಕನ್ ಮಡಿದಾಗ ಒಕ್ಕೂಟದಲ್ಲಿದ್ದ 36 ರಾಜ್ಯಗಳನ್ನು ಸೂಚಿಸುವ, ಗ್ರೀಕರ ಡೋರಿಕ್ ಶೈಲಿಯ 36 ಕಂಬಗಳು ಅದರ ಸುತ್ತ ನಿಂತಿವೆ. ಯುವಕನೊಬ್ಬ ಕಂಡದ್ದು ಕಲ್ಲಾಗಿ ನಿಲ್ಲಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ವಾಸ್ತುಶಿಲ್ಪ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಅಥವಾ ಪಿಎಚ್‌ಡಿ ಮಾಡುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗಾಗಿ, ಅವರು ಮೈಸೂರಿನಲ್ಲಿರಲಿ, ಲಂಡನ್ನಿನಲ್ಲಿರಲಿ, ಅಮೆರಿಕದಲ್ಲಿರಲಿ, ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ನಾನು ಇಂಥ ಫೆಲೋಶಿಪ್‌ಗೆ ಮೂರು ಸಲ ಅರ್ಜಿ ಹಾಕಿ, ಎರಡು ಸಲ ತಿರಸ್ಕೃತನಾಗಿ, ಮೂರನೆಯ ಸಲ ಪಡೆದವನು. ಮುಂದೆ ಕೆಲವು ವರ್ಷ ಅರ್ಜಿಗಳನ್ನು ಓದುವ ಸಮಿತಿಯಲ್ಲೂ ಕುಳಿತಿದ್ದೇನೆ. ಎರಡೂ ಕಡೆಯಿಂದ ಕಂಡ ಮೇಲೆ ನನಗೆ ಖಚಿತವಾದ ಸಂಗತಿ ಒಂದೇ. ‘ನೀವು ಅಲ್ಲಿಗೆ ಹೋಗಲೇಬೇಕಾದದ್ದು ಏಕೆ?’ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿರುವ ಅರ್ಜಿ ಗೆಲ್ಲುತ್ತದೆ. ಉಳಿದ ಎಲ್ಲ ಹಂತಗಳೂ ಆ ಉತ್ತರದಿಂದಲೇ ಹುಟ್ಟುತ್ತವೆ.

ನಿಮಗೆ ಹೊಂದುವ ನಿಧಿಯನ್ನು ಹುಡುಕುವುದು

ಹೊರನೋಟಕ್ಕೆ ಒಂದೇ ಬಗೆಯವಾಗಿ ಕಾಣುವ ಈ ನಿಧಿಗಳ ನಿಯಮಗಳು ಒಳಹೊಕ್ಕು ನೋಡಿದರೆ ತೀರ ಭಿನ್ನವಾಗಿರುತ್ತವೆ. ಮೂರು ಉದಾಹರಣೆಗಳನ್ನು ನೋಡೋಣ.

ನ್ಯೂಯಾರ್ಕಿನ ಆರ್ಕಿಟೆಕ್ಚರಲ್ ಲೀಗ್ ಸಂಸ್ಥೆಯ ಡೆಬೊರಾ ಜೆ. ನಾರ್ಡನ್ ನಿಧಿಯು ವಾಸ್ತುಶಿಲ್ಪಿಯೂ ಕಲಾ ಆಡಳಿತಗಾರ್ತಿಯೂ ಆಗಿದ್ದ ಡೆಬೊರಾ ನಾರ್ಡನ್ ಅವರ ನೆನಪಿನಲ್ಲಿ 1995ರಲ್ಲಿ ಆರಂಭವಾಯಿತು. ವಾಸ್ತುಶಿಲ್ಪ, ವಾಸ್ತುಶಿಲ್ಪ ಇತಿಹಾಸ ಮತ್ತು ನಗರ ಅಧ್ಯಯನದ ವಿದ್ಯಾರ್ಥಿಗಳಿಗೂ ಆಗಷ್ಟೇ ಪದವಿ ಪಡೆದವರಿಗೂ ಪ್ರವಾಸಕ್ಕೆಂದು ವರ್ಷಕ್ಕೆ ಒಟ್ಟು 5,000 ಡಾಲರ್‌ವರೆಗೆ ಹಂಚುವ ನಿಧಿ ಅದು. ಇಷ್ಟು ಹಣದಲ್ಲಿ ಒಂದು ಪ್ರಶ್ನೆ, ಒಂದೆರಡು ಊರು, ಕೆಲವು ವಾರಗಳು ಸಾಧ್ಯ. ಇದಕ್ಕೆ ಹೋಲಿಸಿದರೆ ಅಮೆರಿಕದ ವಾಸ್ತುಶಿಲ್ಪ ಇತಿಹಾಸಕಾರರ ಸಂಘ ನೀಡುವ ಎಚ್. ಅಲೆನ್ ಬ್ರೂಕ್ಸ್ ಪ್ರವಾಸ ಫೆಲೋಶಿಪ್ ಬೇರೆಯೇ ಗಾತ್ರದ್ದು. ಆಗಷ್ಟೇ ಪದವಿ ಮುಗಿಸಿದವರು ಅಥವಾ ವೃತ್ತಿಯ ಆರಂಭದಲ್ಲಿರುವ ವಿದ್ವಾಂಸರು ತಿಂಗಳುಗಟ್ಟಲೆ ಸುತ್ತಾಡಿ, ನೋಡಿ, ಓದಿ, ಬರೆದು, ಚಿತ್ರಿಸಿ, ಚಿಂತಿಸಲಿ ಎಂಬುದು ಅದರ ಆಶಯ. ಗಮನಿಸಬೇಕಾದ ಷರತ್ತೊಂದಿದೆ. ಪದವಿ ಪ್ರಬಂಧದ ಸಂಶೋಧನೆಗೆ ಆ ಹಣವನ್ನು ಬಳಸುವಂತಿಲ್ಲ. ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ಸಾಮಗ್ರಿ ಕಲೆಹಾಕಬೇಕೆಂದು ಅಲ್ಲಿ ಬರೆದರೆ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಆದ್ದರಿಂದ ಪಿಎಚ್‌ಡಿ ನಡುವಿನಲ್ಲಿರುವವರು ಅದನ್ನು ಮುಂದಕ್ಕೆ ಕಾದಿರಿಸಿಕೊಂಡು, ಈಗ ಸಣ್ಣ ನಿಧಿಗಳತ್ತ ನೋಡುವುದು ಮೇಲು.

ಭಾರತದಲ್ಲೇ ನೆಲೆಸಿರುವವರು ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಅನ್ನು ಗಮನಿಸಬೇಕು. ಕಲ್ಕತ್ತೆಯಲ್ಲಿ ವ್ಯಾಪಾರ ಮಾಡಿ 1916ರಲ್ಲಿ ತೀರಿಕೊಂಡ ಚಾರ್ಲ್ಸ್ ವಾಲೇಸ್ ಅವರ ಆಸ್ತಿಯ ಹಣದಿಂದ 1981ರಲ್ಲಿ ಈ ಟ್ರಸ್ಟ್ ರೂಪುಗೊಂಡಿತು. ಕಲೆ, ಮಾನವಿಕ ಶಾಸ್ತ್ರಗಳು ಮತ್ತು ಪರಂಪರೆಯ ಸಂರಕ್ಷಣೆಯಲ್ಲಿ ತೊಡಗಿದ ಭಾರತೀಯರಿಗೆ ಬ್ರಿಟನ್ನಿನಲ್ಲಿ ಓದಲು, ಅಲ್ಪಾವಧಿಯ ಸಂಶೋಧನಾ ಭೇಟಿ ಕೈಗೊಳ್ಳಲು ಅದು ನೆರವಾಗುತ್ತ ಬಂದಿದೆ. ನಮ್ಮ ಕಟ್ಟಡಗಳ ಕಡತ, ನಕ್ಷೆ, ಛಾಯಾಚಿತ್ರಗಳಲ್ಲಿ ಒಂದು ದೊಡ್ಡ ಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಇರುವುದರಿಂದ, ವಸಾಹತು ಕಾಲದ ಬೆಂಗಳೂರು ದಂಡು ಪ್ರದೇಶವನ್ನೋ ಧಾರವಾಡವನ್ನೋ ಅಧ್ಯಯನ ಮಾಡುವವರಿಗೆ ಇಂಥ ನೆರವಿನ ಬೆಲೆ ಬಹಳ.

ನಿಧಿಗಳ ಮೊತ್ತ, ಕೊನೆಯ ದಿನಾಂಕ, ಅರ್ಹತೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಕೆಲವು ನಿಧಿಗಳು ನಡುವೆ ಒಂದು ವರ್ಷ ಸುಮ್ಮನಿರುವುದೂ ಉಂಟು. ಹೋದ ವರ್ಷ ಪಡೆದ ಗೆಳತಿ ಹೇಳಿದ್ದನ್ನು ನಂಬಿ ಅರ್ಜಿ ತುಂಬಬೇಡಿ. ಆ ವರ್ಷದ ಪ್ರಕಟಣೆಯನ್ನು ಸ್ವತಃ ಓದಿ, ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಪೌರತ್ವ ಅಥವಾ ವಾಸದ ಷರತ್ತು, ಅರ್ಜಿಯ ಹೊತ್ತಿಗೆ ವಿದ್ಯಾರ್ಥಿಯಾಗಿರಬೇಕೇ ಅಥವಾ ಪದವಿ ಮುಗಿದಿರಬೇಕೇ ಎಂಬುದು, ಪ್ರಬಂಧದ ಕೆಲಸಕ್ಕೆ ಬಳಸಬಹುದೇ ಎಂಬುದು, ಮತ್ತು ಹಣ ಮುಂಗಡವಾಗಿ ಬರುತ್ತದೆಯೇ ಅಥವಾ ರಸೀದಿ ಕೊಟ್ಟ ಮೇಲೆ ಬರುತ್ತದೆಯೇ ಎಂಬುದು. ಕೈಯಲ್ಲಿ ಉಳಿತಾಯವಿಲ್ಲದ ವಿದ್ಯಾರ್ಥಿಗೆ ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ.

ಹೆಸರಿನ ಹಿಂದಿನ ವ್ಯಕ್ತಿಯನ್ನು ಅರಿಯುವುದು

ಸ್ಮಾರಕ ನಿಧಿಗೆ ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ಈ ಹಂತವನ್ನು ಬಿಟ್ಟೇಬಿಡುತ್ತಾರೆ. ನನ್ನ ಪಾಲಿಗೆ ಇದು ಅರ್ಧ ದಿನದ ಓದು ಮತ್ತು ತಿರುಗಿ ಸಲ್ಲಿಸಬೇಕಾದ ಗೌರವ.

ಅಲೆನ್ ಬ್ರೂಕ್ಸ್ ಅವರನ್ನೇ ತೆಗೆದುಕೊಳ್ಳಿ. 1925ರಿಂದ 2010ರವರೆಗೆ ಬಾಳಿದ ಅವರು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮತ್ತು ಅವನ ಸಮಕಾಲೀನರಾದ ಪ್ರೇರಿ ಪಂಥದ ವಾಸ್ತುಶಿಲ್ಪಿಗಳ ಬಗ್ಗೆಯೂ, ಆಧುನಿಕ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಇನ್ನೂ ಆ ಹೆಸರನ್ನು ಇಟ್ಟುಕೊಳ್ಳದೆ ಸ್ವಿಟ್ಜರ್ಲೆಂಡಿನ ಲ ಶೋ ದ ಫೋಂ ಊರಿನಲ್ಲಿ ಬೆಳೆಯುತ್ತಿದ್ದ ವರ್ಷಗಳ ಬಗ್ಗೆಯೂ ದೀರ್ಘಕಾಲ ಕೆಲಸ ಮಾಡಿದರು. ಆ ಯುವಕ 1911ರಲ್ಲಿ ಬಾಲ್ಕನ್ ನಾಡುಗಳನ್ನು ಹಾದು ಇಸ್ತಾನ್‌ಬುಲ್, ಅಥೆನ್ಸ್, ಇಟಲಿಗಳನ್ನು ಸುತ್ತಿ, ಚಿತ್ರಪುಸ್ತಕಗಳನ್ನು ತುಂಬಿಕೊಂಡು ಮರಳಿದ್ದು ವಾಸ್ತುಶಿಲ್ಪದ ಇತಿಹಾಸದಲ್ಲಿ ಪ್ರಸಿದ್ಧ. ಒಬ್ಬ ತರುಣನನ್ನು ಪ್ರವಾಸ ಹೇಗೆ ರೂಪಿಸುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ಅರಿತಿದ್ದ ವಿದ್ವಾಂಸರು ತಮ್ಮ ಹಣವನ್ನು ತರುಣರ ಪ್ರವಾಸಕ್ಕೆಂದೇ ಬಿಟ್ಟುಹೋದರು. ಇಷ್ಟು ತಿಳಿದ ಮೇಲೆ ‘ನೋಡುವುದು, ಚಿಂತಿಸುವುದು’ ಎಂಬ ನಿಯಮದ ಮಾತುಗಳು ಒಣ ಪದಗಳಾಗಿ ಉಳಿಯುವುದಿಲ್ಲ.

ಹಾಗೆಂದು ಪ್ರಸ್ತಾವನೆಯಲ್ಲಿ ಆ ವ್ಯಕ್ತಿಯನ್ನು ಹೊಗಳಿ ಒಂದು ಪ್ಯಾರಾ ಬರೆಯಬೇಕಾಗಿಲ್ಲ. ಸಮಿತಿಯಲ್ಲಿ ಅವರ ಶಿಷ್ಯರೋ ಒಡನಾಡಿಗಳೋ ಇರಬಹುದು, ಬಾಯಿಮಾತಿನ ಹೊಗಳಿಕೆ ಅವರಿಗೆ ನೋವು ತರುತ್ತದೆ. ನಿಮ್ಮ ಕೆಲಸ ಅವರ ಕಾಳಜಿಯನ್ನು ನಿಜವಾಗಿಯೂ ಮುಟ್ಟುವುದಾದರೆ ಒಂದು ವಾಕ್ಯದಲ್ಲಿ ಹೇಳಿ. ಮುಟ್ಟದಿದ್ದರೆ ಸುಮ್ಮನಿರಿ.

ಪ್ರಶ್ನೆಯನ್ನು ಕಟ್ಟುವುದು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎನ್ನುತ್ತೇವೆ. ಪ್ರವಾಸ ಫೆಲೋಶಿಪ್‌ನ ಸಮಿತಿ ಕೇಳುವುದು ಕೋಶ ಓದಿ ಮುಗಿಸಿದ ಮೇಲೂ ಸಿಗದೆ ಉಳಿದದ್ದು ಏನು ಎಂದು. ಗ್ರಂಥಾಲಯದಲ್ಲಿ ಕುಳಿತು, ಅಂತರಜಾಲದ ಚಿತ್ರಗಳನ್ನು ನೋಡಿ ಉತ್ತರಿಸಬಹುದಾದ ಪ್ರಶ್ನೆಗೆ ಯಾರೂ ವಿಮಾನದ ಟಿಕೆಟ್ ಕೊಡಿಸುವುದಿಲ್ಲ.

ಕನ್ನಡದ ಓದುಗರಿಗೆ ಹತ್ತಿರದ ವಿಷಯವೊಂದನ್ನು ಹಿಡಿದು ಇದನ್ನು ವಿವರಿಸುತ್ತೇನೆ. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ನಾಜಿಗಳ ಆಡಳಿತದಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಆವರಣದ, ಹಲವು ಕಟ್ಟಡಗಳು ಅವರ ವಿನ್ಯಾಸದವು. ಸ್ವಾತಂತ್ರ್ಯದ ಬಳಿಕ ಕೇಂದ್ರ ಸರ್ಕಾರದಲ್ಲಿ ವಸತಿ ನಿರ್ದೇಶಕರಾಗಿದ್ದು, 1951ರಲ್ಲಿ ಲಂಡನ್ನಿಗೆ ತೆರಳಿದರು. ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ 1954ರಲ್ಲಿ ಆರಂಭವಾದ ಉಷ್ಣವಲಯದ ವಾಸ್ತುಶಿಲ್ಪ ವಿಭಾಗವನ್ನು ಮುಂದೆ ಅವರೇ ಮುನ್ನಡೆಸಿದರು.

ಈ ವಿಷಯದ ಮೇಲೆ ವಿದ್ಯಾರ್ಥಿಯೊಬ್ಬರ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಕೋನಿಗ್ಸ್‌ಬರ್ಗರ್ ಅವರ ಜೀವನ ಮತ್ತು ಕೃತಿಗಳನ್ನು ಅಧ್ಯಯನ ಮಾಡಲು ಬರ್ಲಿನ್, ಕೈರೋ, ಬೆಂಗಳೂರು, ಮೈಸೂರು, ದೆಹಲಿ, ಭುವನೇಶ್ವರ ಮತ್ತು ಲಂಡನ್ ನಗರಗಳಿಗೆ ಭೇಟಿ ನೀಡಲು ಉದ್ದೇಶಿಸಿದ್ದೇನೆ.’ ವಿಷಯ ಚೆನ್ನಾಗಿದೆ, ವಿದ್ಯಾರ್ಥಿಗೆ ಆಸೆಯೂ ಇದೆ. ಆದರೆ ಏಳು ನಗರಗಳಲ್ಲಿ ಏನನ್ನು ನೋಡುತ್ತಾರೆ, ನೋಡಿ ಏನನ್ನು ತೀರ್ಮಾನಿಸುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ನನ್ನ ಮೊದಲ ಅರ್ಜಿಯೂ ಇದೇ ಕಾರಣಕ್ಕೆ ಬಿದ್ದಿತ್ತು. ಆರು ವಾರಗಳಿಗೆ ಹನ್ನೊಂದು ಊರುಗಳನ್ನು ಬರೆದಿದ್ದೆ. ಬಸ್ಸು ರೈಲುಗಳಲ್ಲಿ ಕಳೆಯುವ ದಿನಗಳನ್ನು ಸಮಿತಿಯವರು ಎಣಿಸಿರಬೇಕು, ನಾನು ಎಣಿಸಿರಲಿಲ್ಲ.

ಅದೇ ವಿಷಯ ಹೀಗೆ ಬಿಗಿಗೊಳ್ಳಬಹುದು: ‘ಉಷ್ಣವಲಯದ ಕಟ್ಟಡಗಳ ಬಗ್ಗೆ ಲಂಡನ್ನಿನಲ್ಲಿ ಕಲಿಸಿದ ಪಾಠಗಳಲ್ಲಿ ಬೆಂಗಳೂರಿನ ಕಟ್ಟಡಗಳ ಅನುಭವ ಎಷ್ಟು? ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು 1940ರ ದಶಕದಲ್ಲಿ ವಿನ್ಯಾಸಗೊಳಿಸಿದ ಎರಡು ಕಟ್ಟಡಗಳ ಸಜ್ಜಾ, ಜಗಲಿ, ಕಿಟಕಿಗಳನ್ನು ಅಳೆದು, ಬಿಸಿಲನ್ನು ಅವು ಯಾವ ತಿಂಗಳಲ್ಲಿ ಯಾವ ದಿಕ್ಕಿನಿಂದ ಎಷ್ಟು ತಡೆಯುತ್ತವೆ ಎಂದು ದಾಖಲಿಸುತ್ತೇನೆ. ಆ ಬಳಿಕ ಲಂಡನ್ನಿನ ಶಾಲೆಯ ಪತ್ರಾಗಾರದಲ್ಲಿ ವಿಭಾಗದ ಪಾಠದ ಟಿಪ್ಪಣಿ, ವಿದ್ಯಾರ್ಥಿಗಳ ಕೆಲಸಗಳೊಡನೆ ಹೋಲಿಸುತ್ತೇನೆ.’ ಊರುಗಳು ಎರಡೇ ಉಳಿದವು. ಆದರೆ ಎರಡೂ ಊರಿಗೆ ಹೋಗದೆ ಬೇರೆ ದಾರಿಯಿಲ್ಲ, ಏಕೆಂದರೆ ಸಜ್ಜಾದ ಆಳ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಪ್ರಶ್ನೆ ಬಿಗಿಯಾದೊಡನೆ ಪ್ರಯಾಣದ ಕಾಲವೂ ತಾನಾಗಿ ನಿರ್ಧಾರವಾಗುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜೂನ್ 21ರ ಸುಮಾರಿಗೆ ಆ ವಾಲಿಕೆ ಅತಿ ಹೆಚ್ಚು, ಸುಮಾರು ಹತ್ತೂವರೆ ಡಿಗ್ರಿ. ಡಿಸೆಂಬರ್ ಕೊನೆಗೆ ಅದೇ ಸೂರ್ಯ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ಇಳಿದಿರುತ್ತಾನೆ. ಆಗ ದಕ್ಷಿಣದ ಗೋಡೆಯ ಮೇಲಿನ ಎರಡಡಿ ಸಜ್ಜಾ ನಡುಹಗಲಿನಲ್ಲಿ ಗೋಡೆಯ ಮೇಲೆ ಸುಮಾರು 2.7 ಅಡಿ ಮಾತ್ರ ನೆರಳು ಚೆಲ್ಲುತ್ತದೆ, ಅದರ ಕೆಳಗಿನ ಕಿಟಕಿಯ ಭಾಗಕ್ಕೆ ಬಿಸಿಲು ಬೀಳುತ್ತದೆ. ಉತ್ತರದ ಗೋಡೆಗೆ ಸಜ್ಜಾ ಏಕೆ ಬೇಕು ಎಂದು ಯುರೋಪಿನಲ್ಲಿ ಓದಿದವರು ಕೇಳಬಹುದು. ಮೇ ತಿಂಗಳಲ್ಲಿ ಆ ಗೋಡೆಯ ಮುಂದೆ ನಿಂತವರು ಕೇಳುವುದಿಲ್ಲ. ಜೂನ್‌ನಲ್ಲಿ ಮುಂಗಾರಿನ ಮೋಡ ಕವಿಯುವುದರಿಂದ ಅಳತೆಯ ಕೆಲಸಕ್ಕೆ ಮೇ ತಿಂಗಳೇ ಸರಿ, ಅದು ವಿದೇಶದ ವಿಶ್ವವಿದ್ಯಾಲಯಗಳ ಬೇಸಿಗೆ ರಜೆಗೂ ಹೊಂದುತ್ತದೆ. ಇಂಥ ಒಂದು ಪ್ಯಾರಾ ಪ್ರಸ್ತಾವನೆಯಲ್ಲಿ ಇದ್ದರೆ, ಬರೆದವರು ಹೋಗಿ ಏನು ಮಾಡುತ್ತಾರೆಂದು ಸಮಿತಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಪ್ರಸ್ತಾವನೆಯ ಉದ್ದ ಸಾಮಾನ್ಯವಾಗಿ ಒಂದೆರಡು ಪುಟ. ಮೊದಲ ಪ್ಯಾರಾದಲ್ಲಿ ಪ್ರಶ್ನೆ ಬರಬೇಕು. ಎರಡನೆಯದರಲ್ಲಿ ಈವರೆಗೆ ಯಾರು ಏನು ಹೇಳಿದ್ದಾರೆ, ಎಲ್ಲಿ ಕೊರತೆಯಿದೆ ಎಂಬುದು ಸಂಕ್ಷಿಪ್ತವಾಗಿರಲಿ. ಉಳಿದ ಜಾಗವನ್ನೆಲ್ಲ ನೋಡುವ ಕೆಲಸದ ವಿವರಣೆಗೆ ಕೊಡಿ. ಸಮಿತಿಯಲ್ಲಿ ಮಧ್ಯಯುಗದ ಯುರೋಪಿನ ಚರ್ಚುಗಳ ತಜ್ಞರು ಇರಬಹುದು, ಅವರಿಗೆ ‘ಜಗತಿ’, ‘ಅಧಿಷ್ಠಾನ’, ‘ಸಜ್ಜಾ’ ಎಂಬ ಮಾತುಗಳು ಹೊಸವು. ಮೊದಲ ಸಲ ಬಳಸುವಾಗ ಅರ್ಥ ಹೇಳಿ ಮುಂದುವರಿಯಿರಿ.

ದಾರಿ, ದಿನ ಮತ್ತು ದುಡ್ಡು

ವೇಳಾಪಟ್ಟಿಯನ್ನು ಊರಿನ ಲೆಕ್ಕದಲ್ಲಿ ಹಾಕದೆ ಕೆಲಸದ ಲೆಕ್ಕದಲ್ಲಿ ಹಾಕಿ. ಒಂದು ಮಧ್ಯಮ ಗಾತ್ರದ ಕಟ್ಟಡವನ್ನು ಒಬ್ಬರೇ ಟೇಪು ಹಿಡಿದು ಅಳೆಯಲು ನನಗೆ ಮೂರರಿಂದ ನಾಲ್ಕು ದಿನ ಬೇಕಾಗುತ್ತದೆ. ಸಹಾಯಕರೊಬ್ಬರು ಟೇಪಿನ ಇನ್ನೊಂದು ತುದಿ ಹಿಡಿದರೆ ಎರಡು ದಿನ. ಪತ್ರಾಗಾರದಲ್ಲಿ ಮೊದಲ ದಿನ ನೋಂದಣಿ, ಗುರುತಿನ ಚೀಟಿ, ಸೂಚಿ ಹುಡುಕಾಟಗಳಲ್ಲೇ ಕಳೆಯುತ್ತದೆ. ಕಡತ ಕೈಗೆ ಬರುವುದು ಎರಡನೆಯ ದಿನ ಎಂದುಕೊಂಡೇ ಯೋಜಿಸಿ. ಹೊರಡುವ ಮುನ್ನವೇ ಪತ್ರಾಗಾರಕ್ಕೆ ಪತ್ರ ಬರೆದು, ನಿಮಗೆ ಬೇಕಾದ ಕಡತಗಳು ಆ ವಾರ ನೋಡಲು ಸಿಗುತ್ತವೆ ಎಂಬ ಉತ್ತರವನ್ನು ಪಡೆದು, ಅರ್ಜಿಯಲ್ಲಿ ಉಲ್ಲೇಖಿಸಿ. ಆ ಒಂದು ಸಾಲು ನಿಮ್ಮ ಅರ್ಜಿಯ ವಿಶ್ವಾಸಾರ್ಹತೆಯನ್ನು ಎಷ್ಟೋ ಹೆಚ್ಚಿಸುತ್ತದೆ.

ವೆಚ್ಚದ ಅಂದಾಜು ಪ್ರಾಮಾಣಿಕವಾಗಿರಬೇಕು. ಮೇಲೆ ಹೇಳಿದ ಯೋಜನೆಗೆ ಅಮೆರಿಕದಿಂದ ಹೊರಡುವ ವಿದ್ಯಾರ್ಥಿನಿಯೊಬ್ಬರು 4,000 ಡಾಲರ್ ಕೇಳುತ್ತಾರೆ ಎಂದುಕೊಳ್ಳೋಣ. ಈ ಅಂಕಿಗಳು ಲೆಕ್ಕದ ಮಾದರಿ ತೋರಿಸಲು ನಾನು ಹಾಕಿದವು, ನಿಜವಾದ ದರಗಳನ್ನು ನೀವೇ ವಿಚಾರಿಸಬೇಕು. ಲಂಡನ್ ಮೂಲಕ ಬೆಂಗಳೂರಿಗೆ ಹೋಗಿ ಬರುವ ವಿಮಾನಕ್ಕೆ 1,700, ಲಂಡನ್ನಿನಲ್ಲಿ 12 ದಿನಗಳ ವಿದ್ಯಾರ್ಥಿನಿಲಯದ ಕೋಣೆಗೆ 1,100, ಎರಡೂ ಊರುಗಳಲ್ಲಿ ಊಟ ಓಡಾಟಕ್ಕೆ 500, ಕಡತಗಳ ನಕಲು ಮತ್ತು ಚಿತ್ರ ಶುಲ್ಕಕ್ಕೆ 250, ವೀಸಾ ಮತ್ತು ಪ್ರಯಾಣ ವಿಮೆಗೆ 300, ಅನಿರೀಕ್ಷಿತಕ್ಕೆ 150. ಬೆಂಗಳೂರಿನ ಮೂರು ವಾರ ಮಲ್ಲೇಶ್ವರದ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದಾದರೆ ಆ ಸಾಲನ್ನು ಬಿಡಬೇಡಿ. ‘ವಸತಿ: ಬಂಧುಗಳ ಮನೆ, ವೆಚ್ಚವಿಲ್ಲ’ ಎಂದು ಸೊನ್ನೆ ಹಾಕಿ ಬರೆಯಿರಿ. ಇದನ್ನು ಹೇಳಲು ನಮ್ಮ ವಿದ್ಯಾರ್ಥಿಗಳು ಸಂಕೋಚಪಡುತ್ತಾರೆ, ಆದರೆ ದತ್ತಿಯ ಹಣವನ್ನು ಉಳಿಸಿ ಬಳಸುವವರೆಂಬ ನಂಬಿಕೆ ಮೂಡುವುದು ಅಂಥ ಸಾಲುಗಳಿಂದಲೇ. ಕ್ಯಾಮೆರಾ, ಲ್ಯಾಪ್‌ಟಾಪ್ ಕೊಳ್ಳುವ ಖರ್ಚನ್ನು ನಿಯಮ ಸ್ಪಷ್ಟವಾಗಿ ಒಪ್ಪದ ಹೊರತು ಸೇರಿಸಬೇಡಿ.

ಶಿಫಾರಸು ಪತ್ರ

ಕೊನೆಯ ದಿನಾಂಕಕ್ಕೆ ಆರು ವಾರ ಮೊದಲೇ ಕೇಳಿ. ‘ಮೇಡಂ, ನನಗೊಂದು ಶಿಫಾರಸು ಪತ್ರ ಬೇಕಿತ್ತು’ ಎಂದಷ್ಟೇ ಬರೆದರೆ ಅವರು ನಿಮ್ಮ ಅಂಕಗಳನ್ನೂ ಶ್ರಮಜೀವಿ ಎಂಬ ಗುಣವನ್ನೂ ಹೇಳುವ ಸಾಮಾನ್ಯ ಪತ್ರವನ್ನು ಬರೆದಾರು. ಅದರ ಬದಲಿಗೆ ಕರಡು ಪ್ರಸ್ತಾವನೆಯನ್ನು ಜೊತೆಗಿಟ್ಟು, ನೀವು ಕಟ್ಟಡವನ್ನು ನೋಡುವ ಬಗೆಯನ್ನು ಅವರು ಹತ್ತಿರದಿಂದ ಕಂಡ ಸಂದರ್ಭವನ್ನು ನೆನಪಿಸಿ. ಕ್ಷೇತ್ರಕಾರ್ಯದಲ್ಲಿ ನೀವು ಗುರುತಿಸಿದ ಒಂದು ವಿವರ, ಸೆಮಿನಾರಿನಲ್ಲಿ ತಿದ್ದಿದ ಒಂದು ನಕ್ಷೆ, ಇಂಥದು ಪತ್ರದಲ್ಲಿ ಬಂದರೆ ತೂಕ ಬೇರೆಯೇ. ಬಹಳ ದೊಡ್ಡ ಹೆಸರಿನ, ಆದರೆ ನಿಮ್ಮನ್ನು ಎರಡು ಸಲ ಮಾತ್ರ ಕಂಡ ಪ್ರಾಧ್ಯಾಪಕರಿಗಿಂತ ನಿಮ್ಮ ಕರಡುಗಳನ್ನು ತಿದ್ದಿದ ಕಿರಿಯ ಅಧ್ಯಾಪಕರ ಪತ್ರವೇ ಲೇಸು.

ವೀಸಾ, ತೆರಿಗೆ, ಅನುಮತಿ

ಭಾರತದ ಪಾಸ್‌ಪೋರ್ಟ್ ಹೊಂದಿ ವಿದೇಶದಲ್ಲಿ ಓದುತ್ತಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ಬ್ರಿಟನ್ ಅದರಲ್ಲಿ ಸೇರಿಲ್ಲ, ಅದಕ್ಕೆ ಬೇರೆಯೇ ವೀಸಾ. ಅಮೆರಿಕದಲ್ಲಿ ಎಫ್-1 ವಿದ್ಯಾರ್ಥಿ ವೀಸಾದ ಮೇಲಿರುವವರು ಹೊರಡುವ ಮುನ್ನ ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರದ ಪ್ರಯಾಣ ಸಹಿಯ ಅವಧಿಯನ್ನು ನೋಡಿಕೊಳ್ಳಿ. ಓದುತ್ತಿರುವ ವಿದ್ಯಾರ್ಥಿಗೆ ಅದು ಸಾಮಾನ್ಯವಾಗಿ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮರಳುವ ಮುನ್ನ ಹೊರದೇಶದಲ್ಲಿ ಹೊಸದನ್ನು ಪಡೆಯಬೇಕಾಗುತ್ತದೆ, ಅದರ ಸಂದರ್ಶನಕ್ಕೆ ಕಾಯುವ ದಿನಗಳನ್ನು ವೇಳಾಪಟ್ಟಿಯಲ್ಲೇ ಹಿಡಿದಿಡಬೇಕು.

ತೆರಿಗೆಯ ವಿಚಾರವೂ ಇದೆ. ಅಮೆರಿಕದ ನಿಯಮದ ಪ್ರಕಾರ ವಿದ್ಯಾರ್ಥಿವೇತನದಲ್ಲಿ ಬೋಧನಾ ಶುಲ್ಕಕ್ಕೂ ಕಡ್ಡಾಯ ಪುಸ್ತಕ ಸಾಮಗ್ರಿಗಳಿಗೂ ಬಳಸಿದ ಭಾಗಕ್ಕೆ ತೆರಿಗೆ ಇಲ್ಲ, ಪ್ರಯಾಣ, ವಸತಿ, ಊಟಕ್ಕೆ ಬಳಸಿದ್ದು ಆ ವಿನಾಯಿತಿಗೆ ಒಳಪಡುವುದಿಲ್ಲ. ತೆರಿಗೆಯ ದೃಷ್ಟಿಯಿಂದ ಅನಿವಾಸಿಗಳಾದ ಎಫ್-1 ವಿದ್ಯಾರ್ಥಿಗಳ ಇಂಥ ಹಣದಿಂದ 14 ಶೇಕಡಾ ಮುರಿದುಕೊಳ್ಳುವ ಸಂದರ್ಭಗಳಿವೆ. ಕೆಲಸ ನಡೆಯುವುದು ಅಮೆರಿಕದ ಒಳಗೋ ಹೊರಗೋ ಎಂಬುದರ ಮೇಲೂ ಇದು ಬದಲಾಗುತ್ತದೆ. ಹಣ ಕೈಸೇರುವ ಮೊದಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಭಾರತದ ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು, ಅಳತೆಯ ನಕ್ಷೆ ತೆಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಆಯಾ ವೃತ್ತ ಕಚೇರಿಗೆ ಮೊದಲೇ ಬರೆಯಬೇಕು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಅದು ಧಾರವಾಡ ವೃತ್ತ. ಪತ್ರದಲ್ಲಿ ದಿನಾಂಕ, ಕಟ್ಟಡದ ಹೆಸರು, ಬಳಸುವ ಉಪಕರಣ, ವಿಭಾಗದ ಮುಖ್ಯಸ್ಥರ ಸಹಿ ಇರಲಿ. ಅನುಮತಿಯ ಪ್ರತಿಯನ್ನು ಸದಾ ಕೈಯಲ್ಲಿಟ್ಟುಕೊಂಡಿರಿ, ಕಾವಲಿನವರು ಕೇಳುವ ಮೊದಲೇ ತೋರಿಸಿ. ಪೂಜೆ ನಡೆಯುವ ಗುಡಿಗಳಲ್ಲಿ ಅರ್ಚಕರನ್ನು ಮೊದಲು ಕಂಡು ಮಾತಾಡಿ. ಮಂಗಳಾರತಿಯ ಹೊತ್ತಿನಲ್ಲಿ ಟೇಪು ಎಳೆಯಬೇಡಿ, ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸಬೇಡಿ.

ಕಟ್ಟಡದ ಮುಂದೆ

ಇಷ್ಟೆಲ್ಲ ಸಿದ್ಧತೆ ನಡೆಯುವುದು ಈ ಹಂತಕ್ಕಾಗಿ. ಹೋದ ಮೊದಲ ದಿನ ಕ್ಯಾಮೆರಾ ತೆಗೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ಗಂಟೆ ಸುತ್ತಿ ನೋಡಿ, ಒಂದು ಕಡೆ ಕುಳಿತು ಬರೆಯಿರಿ. ಪ್ರತಿ ಪುಟದ ಮೇಲೆ ದಿನಾಂಕ, ಸಮಯ, ನೀವು ಯಾವ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದೀರಿ ಎಂಬುದು, ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬುದು ಇರಲಿ. ಕಂಡದ್ದನ್ನು ಎಡ ಪುಟದಲ್ಲೂ ಅದರ ಬಗ್ಗೆ ಅನ್ನಿಸಿದ್ದನ್ನು ಬಲ ಪುಟದಲ್ಲೂ ಬೇರ್ಪಡಿಸಿ ಬರೆದರೆ, ಎರಡು ವರ್ಷಗಳ ಬಳಿಕ ಓದುವಾಗ ಯಾವುದು ಸಾಕ್ಷಿ, ಯಾವುದು ಊಹೆ ಎಂದು ತಿಳಿಯುತ್ತದೆ.

ಐಹೊಳೆಯ ಲಾಡಖಾನ್ ಗುಡಿಯನ್ನು ನಾನು ಪುಸ್ತಕಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಅದರ ಇಳಿಜಾರು ಮಾಡಿನ ಕಲ್ಲು ಹಾಸುಗಳ ಸಂದುಗಳ ಮೇಲೆ ಉದ್ದನೆಯ, ದುಂಡಗಿನ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ. ಮರದ ಕಟ್ಟಡದ ನೆನಪನ್ನು ಕಲ್ಲಿನಲ್ಲಿ ಉಳಿಸಿಕೊಂಡದ್ದು ಎಂದು ಓದಿದ್ದೆ, ಹಾಗೆಂದೇ ಒಪ್ಪಿದ್ದೆ. ಅಲ್ಲಿ ಕುಳಿತು ಆ ಮಾಡಿನ ಅಂಚನ್ನು ಪೆನ್ಸಿಲಿನಲ್ಲಿ ಬರೆಯತೊಡಗಿದಾಗ ಪಟ್ಟಿ ಎಲ್ಲಿ ಮುಗಿಯುತ್ತದೆ, ಹಾಸಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಟ್ಟು ನೋಡಬೇಕಾಯಿತು. ಫೋಟೊ ತೆಗೆದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬಹಳ ಹೊತ್ತಿನಿಂದ ನನ್ನನ್ನು ನೋಡುತ್ತಿದ್ದ ಕಾವಲಿನ ಹಿರಿಯರು ಹತ್ತಿರ ಬಂದು, ‘ಮಳಿಗಾಲದಾಗ ಬರ್ರಿ ಸರ, ಮ್ಯಾಲಿನ ನೀರು ಹೆಂಗ ಇಳೀತದ ಅಂತ ನೋಡೀರಂತ’ ಎಂದರು. ‘ಸಂದಿನ್ಯಾಗ ಇಳಿಯಂಗಿಲ್ಲೇನ್ರಿ ಅಜ್ಜಾರ?’ ಎಂದು ಕೇಳಿದೆ. ‘ಸಂದಿಗೆ ಕಲ್ಲು ಮುಚ್ಚಿದ್ದು ಯಾತಕ್ಕ ಮತ್ತ?’ ಎಂದರು. ಮರದ ನೆನಪು ಎಂಬ ವಿವರಣೆ ತಪ್ಪೆಂದಲ್ಲ. ಆದರೆ ಆ ಪಟ್ಟಿಗಳು ಇವತ್ತಿಗೂ ಮಾಡುತ್ತಿರುವ ಕೆಲಸವೊಂದಿದೆ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಆ ಮಾತನ್ನು ನಾನು ಎಡ ಪುಟದಲ್ಲಿ ಬರೆದುಕೊಂಡೆ.

ಅಳತೆಗೆ 30 ಮೀಟರಿನ ಟೇಪು, 5 ಮೀಟರಿನ ಉಕ್ಕಿನ ಟೇಪು, ದಿಕ್ಸೂಚಿ, ಗೀರುಹಾಳೆಯ ಪುಸ್ತಕ, ಎರಡು ಪೆನ್ಸಿಲು ಸಾಕು. ಲೇಸರ್ ಅಳತೆಯ ಉಪಕರಣ ಒಳಾಂಗಣದಲ್ಲಿ ಉಪಯುಕ್ತ, ಬಿಸಿಲಿನಲ್ಲಿ ಅದರ ಕೆಂಪು ಚುಕ್ಕೆ ಕಾಣುವುದಿಲ್ಲ. ಕೋಣೆಯ ನಾಲ್ಕು ಬದಿಗಳ ಜೊತೆಗೆ ಎರಡು ಕರ್ಣಗಳನ್ನೂ ತಪ್ಪದೆ ಅಳೆಯಿರಿ, ಮೂಲೆಗಳು ಲಂಬವಾಗಿವೆ ಎಂದು ನಂಬಿ ಮನೆಗೆ ಬಂದು ನಕ್ಷೆ ಹಾಕಿದಾಗ ಗೋಡೆಗಳು ಕೂಡುವುದಿಲ್ಲ. ಅಂದಿನ ಚಿತ್ರಗಳಿಗೆ ಅಂದೇ ರಾತ್ರಿ ಹೆಸರಿಟ್ಟು, ಇನ್ನೊಂದು ಪ್ರತಿ ಮಾಡಿಡಿ.

ಸ್ಥಳೀಯರೊಡನೆ ದಾಖಲೆಗಾಗಿ ಮಾತಾಡುವುದಾದರೆ ಏಕೆ ಕೇಳುತ್ತಿದ್ದೀರಿ, ಹೆಸರು ಬಳಸಬಹುದೇ ಎಂಬುದನ್ನು ಮೊದಲು ಕೇಳಿ. ವಿದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಸಂಶೋಧನಾ ನೈತಿಕತೆಯ ಸಮಿತಿಯ ಅನುಮತಿ ಮೊದಲೇ ಬೇಕು, ಅದು ಬರಲು ವಾರಗಳು ಹಿಡಿಯುತ್ತವೆ.

ಮರಳಿದ ಮೇಲೆ

ವರದಿಯನ್ನು ಬಂದ ಮೊದಲ ತಿಂಗಳಲ್ಲೇ ಬರೆದುಬಿಡಿ. ತರಗತಿಗಳು ಆರಂಭವಾದರೆ ಅದು ಮುಂದೆ ಮುಂದೆ ಹೋಗುತ್ತದೆ. ಯೋಜನೆಯಂತೆ ನಡೆಯದ ಸಂಗತಿಗಳನ್ನೂ ಬರೆಯಿರಿ: ಬಾಗಿಲು ತೆರೆಯದ ಕಟ್ಟಡ, ಸಿಗದ ಕಡತ, ಸುಳ್ಳಾದ ಊಹೆ. ನಾನು ಸಮಿತಿಯಲ್ಲಿದ್ದಾಗ ಅತ್ಯಂತ ಉಪಯುಕ್ತವೆನಿಸಿದ ವರದಿಗಳು ಅಂಥವೇ ಆಗಿದ್ದವು, ಏಕೆಂದರೆ ಮುಂದಿನ ವರ್ಷ ಅದೇ ಊರಿಗೆ ಹೋಗುವವರಿಗೆ ಅವು ದಾರಿ ತೋರಿಸಿದವು. ಉಳಿದ ಹಣವಿದ್ದರೆ ಎಷ್ಟೇ ಸಣ್ಣದಾದರೂ ರಸೀದಿಗಳೊಡನೆ ಹಿಂದಿರುಗಿಸಿ.

ವರದಿಯ ಹೊರತಾಗಿ, ನಿಧಿಯನ್ನು ಸ್ಥಾಪಿಸಿದ ಕುಟುಂಬಕ್ಕೆ ಅಥವಾ ಅವರ ಪರವಾಗಿ ಅದನ್ನು ನಡೆಸುವ ಸಂಸ್ಥೆಗೆ ಕೈಬರಹದ ಒಂದು ಪತ್ರ ಬರೆಯಿರಿ. ಏನು ಕಲಿತಿರೆಂಬ ಪಟ್ಟಿ ಅದರಲ್ಲಿ ಬೇಡ. ಒಂದು ಕಟ್ಟಡದ ಮುಂದೆ ಕಳೆದ ಒಂದು ಮಧ್ಯಾಹ್ನವನ್ನು ವಿವರಿಸಿದರೆ ಸಾಕು, ಜೊತೆಗೆ ನೀವೇ ಬರೆದ ಒಂದು ರೇಖಾಚಿತ್ರದ ಪ್ರತಿ ಇರಲಿ.

ಅಳತೆಯ ನಕ್ಷೆಗಳ ಒಂದು ಪ್ರತಿಯನ್ನು ಆ ಕಟ್ಟಡವನ್ನು ನೋಡಿಕೊಳ್ಳುವ ಸಂಸ್ಥೆಗೂ ಕಳುಹಿಸಿ. ದುರಸ್ತಿಯ ಕಾಲದಲ್ಲಿ ಅವರಿಗೆ ಅದು ಬೇಕಾಗಬಹುದು. ನಿಮಗೆ ನೆರವಾದ ಊರಿನವರಿಗೆ ಅಲ್ಲಿ ತೆಗೆದ ಚಿತ್ರಗಳನ್ನು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳುಹಿಸಿ. ಐಹೊಳೆಯ ಆ ಹಿರಿಯರಿಗೆ ನಾನು ಮಾಡಿನ ಅಂಚಿನ ರೇಖಾಚಿತ್ರದ ಪ್ರತಿಯನ್ನು ಕಳುಹಿಸಿದ್ದೆ. ಮರುವರ್ಷದ ಮಳೆಗಾಲದಲ್ಲಿ ಹೋದಾಗ ಅದನ್ನು ಅವರು ಟಿಕೆಟ್ ಕೋಣೆಯ ಗೋಡೆಗೆ ಅಂಟಿಸಿದ್ದರು, ನಾನು ತಪ್ಪಾಗಿ ಬರೆದಿದ್ದ ಒಂದು ಸಂದನ್ನು ಪೆನ್ನಿನಲ್ಲಿ ತಿದ್ದಿಯೂ ಇದ್ದರು.